ಮಗಳಿಗೆ ಮೆಡಿಕಲ್ ಇಮೇಜಿಂಗ್ ಸೀಟು: ಸ್ಕಾಲರ್‌ಶಿಪ್, ಸಾಲ, ಮನ್ನಾ ಬಗ್ಗೆ ಅನುಭವ ಇದ್ದವರು ತಿಳಿಸಿ

ಡೊಂಬಿವಲಿ ಅಪ್ಪ
ಮಗಳು ಹನ್ನೆರಡನೇ ಸೈನ್ಸ್ ಮುಗಿಸಿದ್ದಾಳೆ. ನವಿ ಮುಂಬೈಯ ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಕೋರ್ಸು) ಸೀಟು ಸಿಗುತ್ತಿದೆ, ವರ್ಷಕ್ಕೆ 1,45,000. ಇನ್ನೊಂದು ಕಡೆ ಆಸ್ಪತ್ರೆಯವರೇ ಪುಕ್ಕಟೆ ಡಿಪ್ಲೊಮಾ ಕಲಿಸಿ ಮೂರು ವರ್ಷಕ್ಕೆ ಬಾಂಡ್ ಬರೆಸಿಕೊಳ್ಳುತ್ತಾರಂತೆ. ನಾವು ಮೂಲ ವಿಜಯಪುರದವರು, ಹಿಂದುಳಿದ ವರ್ಗ. ಇಲ್ಲಿಗೆ ಬಂದು 22 ವರ್ಷ. ಆದಾಯ 4 ಲಕ್ಷದೊಳಗೆ. ಯಾವ ಸ್ಕಾಲರ್‌ಶಿಪ್ ಸಿಗಬಹುದು? ಕೆಲಸಕ್ಕೆ ಸೇರಿ ಕೆಲವು ವರ್ಷ ಆದರೆ ಸಾಲ ಮನ್ನಾ ಅಂತ ಭಾವಮೈದುನ ವಿಡಿಯೊ ತೋರಿಸಿದ. ನಿಜವೇ?

ಹಡಪ್ಸರ್ ಎಂಆರ್‌ಐ
ಮನ್ನಾ ಅನ್ನೋ ಮಾತು ಕೇಳಿದರೇ ಮೈ ಉರಿಯುತ್ತೆ. ನಾನು 2018ರಲ್ಲಿ ಪುಣೆಯಲ್ಲಿ ಸೇರಿದೆ. ವರ್ಷಕ್ಕೆ 1,60,000ದಂತೆ ಮೂರು ಕಂತು, ಒಟ್ಟು 4,80,000 ಸಾಲ, ಬಡ್ಡಿ ಶೇ. 10.65. ಕೋರ್ಸು ಮೂರು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಕಾಲೇಜಿನ ಬೋನಾಫೈಡ್‌ನಲ್ಲಿ (ಇಲ್ಲಿಯ ವಿದ್ಯಾರ್ಥಿ ಅಂತ ಕೊಡುವ ಸರ್ಟಿಫಿಕೇಟು) "ಅವಧಿ 3 ವರ್ಷ" ಅಂತಷ್ಟೇ ಬರೆದಿತ್ತು. ಬ್ಯಾಂಕಿನವರು ಇಂಟರ್ನ್‌ಶಿಪ್ಪನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನಗೆ ಸಿಗಬೇಕಿದ್ದ ರಜೆ ವರ್ಷವೆಲ್ಲ ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್‌ನಲ್ಲೇ ಕರಗಿತು. ಅಷ್ಟರಲ್ಲಿ ಕೂಡಿದ ಬಡ್ಡಿ 1,53,360. ಹೀಗೆ 6,33,360ಕ್ಕೆ ಏಳು ವರ್ಷದ ಕಂತು ನಿಗದಿ ಮಾಡಿದರು, ತಿಂಗಳಿಗೆ 10,729. ನನ್ನ ಮೊದಲ ಸಂಬಳ 16,000!

ಮೊದಲ ಕಂತು ಕಡಿತವಾದ ಮೆಸೇಜ್ ಬಂದಾಗ ಕನ್ಸೋಲ್ ಮುಂದೆ ಇದ್ದೆ. ಒಬ್ಬ ಅಜ್ಜಿಗೆ ಸೊಂಟದ ಎಂಆರ್‌ಐ ಸ್ಕ್ಯಾನ್, ಮೈಮೇಲೆ ಲೋಹ ಇರಬಾರದು. ನಲವತ್ತು ವರ್ಷದಿಂದ ತೆಗೆಯದ ಬಳೆಯಂತೆ, ಸೋಪಿನ ನೀರು ಹಚ್ಚಿ ಕಾಲು ಗಂಟೆ ಹೆಣಗಿ ಆಗಷ್ಟೇ ತೆಗೆಸಿದ್ದೆ. ಆ ಬಳೆ ನನ್ನ ಮೇಜಿನ ಮೇಲೆ, ಪಕ್ಕದಲ್ಲಿ ಫೋನು. ಅದರಲ್ಲಿ ಬಾಕಿ 5,271 ಅಂತ ಕಾಣುತ್ತಿತ್ತು. ಪಿಜಿ ಬಾಡಿಗೆಯೇ 5,500.

ಬಡ್ಡಿ ಸಬ್ಸಿಡಿಗೂ ಅರ್ಜಿ ಹಾಕಿದ್ದೆ. ಆದಾಯ 4.5 ಲಕ್ಷದೊಳಗಿದ್ದರೆ ಕಂತಿಲ್ಲದ ಕಾಲದ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತೆ. ಕಾಲೇಜಿಗೆ ನ್ಯಾಕ್ (ಗುಣಮಟ್ಟದ ಮಾನ್ಯತೆ) ಇಲ್ಲ ಅಂತ ತಿರಸ್ಕಾರ. ಅಪ್ಪ ತಹಸೀಲ್ದಾರ್ ಸರ್ಟಿಫಿಕೇಟಿಗೆ ನಾಲ್ಕು ದಿನ ರಜೆ ಹಾಕಿ ಅಲೆದಿದ್ದರು.

ನೆರೂಲ್ ನೈಟ್ ಶಿಫ್ಟ್
ಆ ವಿಡಿಯೊ ಅಮೆರಿಕದ್ದು. ನನ್ನ ಅಕ್ಕ ಅಲ್ಲೇ ರೇಡಿಯಾಗ್ರಫರ್. 2007ರಲ್ಲಿ ಬಂದ ಕಾನೂನು. ಸರಕಾರಿ ಅಥವಾ ಲಾಭಕ್ಕಲ್ಲದ ಆಸ್ಪತ್ರೆಯಲ್ಲಿ ದುಡಿಯುತ್ತಾ 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಅದೂ ಅಲ್ಲಿಯ ಫೆಡರಲ್ (ಕೇಂದ್ರ ಸರಕಾರದ) ಸಾಲಕ್ಕೆ ಮಾತ್ರ. ಅಕ್ಕನಿಗೆ ಈಗ 71 ಕಂತು ಆಗಿದೆ, ಎಣಿಸುತ್ತಾ ಕೂತಿದ್ದಾಳೆ. ನಮ್ಮಲ್ಲಿ ಅಂಥದ್ದಿಲ್ಲ.

ಬಾಂಡ್ ಕಡೆಗೆ ಮಾತ್ರ ಹೋಗಬೇಡಿ. ನಾನು ಹೋದವಳು. ಪುಕ್ಕಟೆ ಅಂದರು, ಹತ್ತನೇ ಹನ್ನೆರಡನೇ ಒರಿಜಿನಲ್ ಮಾರ್ಕ್‌ಶೀಟು ಇಸಕೊಂಡು ಅಲ್ಮೇರಾಕ್ಕೆ ಇಟ್ಟರು. ಕಲಿಕೆ ಮುಗಿದ ಮೇಲೆ ಮೂರು ವರ್ಷ, ತಿಂಗಳಿಗೆ 9,000. ಹನ್ನೆರಡು ತಾಸಿನ ರಾತ್ರಿ ಪಾಳಿ, ಒಬ್ಬಳೇ. ಪೋರ್ಟಬಲ್ ಮೆಷೀನನ್ನು ಲಿಫ್ಟ್ ಕೆಟ್ಟಾಗ ರ‍್ಯಾಂಪಿನ ಮೇಲೆ ತಳ್ಳಿ ಐಸಿಯುಗೆ ಒಯ್ಯಬೇಕು. ಮೊದಲ ಐದು ತಿಂಗಳು ನನ್ನ ಹೆಸರಿಗೆ ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜೇ ಬಂದಿರಲಿಲ್ಲ. ಮೂರು ತಿಂಗಳಿಗೊಮ್ಮೆ ರೀಡಿಂಗಿಗೆ ಹೋಗಬೇಕಾದ ಬ್ಯಾಡ್ಜು! ಆ ಐದು ತಿಂಗಳ ಡೋಸ್ ಯಾವ ಪುಸ್ತಕದಲ್ಲೂ ಇಲ್ಲ. ಹದಿನಾಲ್ಕನೇ ತಿಂಗಳಿಗೆ ಬಿಟ್ಟೆ. ಒರಿಜಿನಲ್ ಬೇಕಾದರೆ 2,00,000 ಇಡು ಅಂದರು. ಅಮ್ಮನ ಕರಿಮಣಿ, ಎರಡು ಬಳೆ ಅಡ ಇಟ್ಟು ಕಟ್ಟಿದ್ದೇವೆ.

ಥಾಣೆ ವಕೀಲರ ಮನೆ
ಪೂರ್ತಿ ಕಟ್ಟಬಾರದಿತ್ತು ನೀವು. 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ. ನ್ಯಾಯಾಲಯ ಕೊಡಿಸೋದು ಸಮಂಜಸ ಪರಿಹಾರ. ಹದಿನಾಲ್ಕು ತಿಂಗಳು ದುಡಿದಿದ್ದೀರಿ, ಅದನ್ನೂ ಲೆಕ್ಕಕ್ಕೆ ಹಿಡಿಸಬಹುದಿತ್ತು.

ನೆರೂಲ್ ನೈಟ್ ಶಿಫ್ಟ್
ಈಗ ಹೇಳ್ತೀರಿ. ಹೊಸ ಕೆಲಸದವರು ಒರಿಜಿನಲ್ ತರಲು ಹತ್ತು ದಿನ ಕೊಟ್ಟಿದ್ದರು. ಹತ್ತು ದಿನದಲ್ಲಿ ಯಾವ ಕೋರ್ಟು ಅಲ್ಮೇರಾ ತೆರೆಸುತ್ತೆ? ಸೆಕ್ಷನ್ ಗೊತ್ತಿರೋರ ಮನೆಯಲ್ಲಿ ಬಂಗಾರ ಅಡಕ್ಕೆ ಹೋಗೋದಿಲ್ಲ ಬಿಡಿ.

ಮಾಟುಂಗಾ ಉಡುಪಿ
ಸಾಲವೂ ಬೇಡ ಬಾಂಡೂ ಬೇಡ ಮಾರಾಯ್ರೆ. ನಾನು ಹೋಟೆಲಿನಲ್ಲಿ ಕ್ಯಾಶ್ ಕೌಂಟರಿಗೆ ಕೂರುವವ. ಮಗನನ್ನು ಇದೇ ಕೋರ್ಸು ಓದಿಸಿದೆ, ಒಂದು ಪೈಸೆ ಬ್ಯಾಂಕಿನದ್ದಲ್ಲ. ನಮ್ಮ ಸಮಾಜದ ಸಂಘದಿಂದ ವರ್ಷಕ್ಕೆ 15,000, ಊರಿನ ದೇವಸ್ಥಾನದ ಟ್ರಸ್ಟಿನಿಂದ 5,000, ಸೇಠರು ಬಡ್ಡಿ ಇಲ್ಲದೆ 40,000 ಕೊಟ್ಟು ಸಂಬಳದಲ್ಲಿ ಹಿಡಿದರು. ಉಳಿದದ್ದಕ್ಕೆ ನಾನು ಮೂರು ವರ್ಷ ಸಂಜೆ ಇನ್ನೊಂದು ಕಡೆ ಲೆಕ್ಕ ಬರೆದೆ. ಮುಂಬಯಿಯಲ್ಲಿ ಬಂಟರಿಗೆ, ಬಿಲ್ಲವರಿಗೆ, ಎಲ್ಲರಿಗೂ ಸಂಘ ಉಂಟು. ಅರ್ಜಿ ಹಿಡಿದು ಹೋಗಲು ನಮ್ಮವರಿಗೆ ನಾಚಿಕೆ. ಅದೇ ಬ್ಯಾಂಕ್ ಮ್ಯಾನೇಜರನ ಮುಂದೆ ಕೈಕಟ್ಟಿ ನಿಲ್ಲಲು ನಾಚಿಕೆ ಇಲ್ಲ.

ವರಳಿ ಕಲಬುರ್ಗಿ
ಎಲ್ಲಾರಿಗೂ ಸಂಘ ಐತಿ ಅಂತೀರಲ್ಲ, ನಮಗ ಯಾವ ಸಂಘ ಐತ್ರಿ? ನಮ್ಮಪ್ಪ ಇಲ್ಲಿ ಗಿರಣ್ಯಾಗ ದುಡದಾವ. ನಮ್ಮ ಓಣ್ಯಾಗ ಸೇಠ ಅಂದ್ರ ಬಡ್ಡಿ ತಗೊಳ್ಳಾವನ. ನಾ ಹೇಳೂದು ಬ್ಯಾರೆ ಐತಿ, ಡೊಂಬಿವಲಿಯವರು ಕೇಳ್ರಿ.

ಮಗಳ ಸಲುವಾಗಿ ಇಲ್ಲೆ ಎಸ್‌ಸಿ ಸರ್ಟಿಫಿಕೇಟ್ ತಗೀಲಿಕ್ಕೆ ಹೋದೆ. 10 ಆಗಸ್ಟ್ 1950ಕ್ಕೂ ಮೊದಲ ನಿಮ್ಮ ಮನಿತನ ಮಹಾರಾಷ್ಟ್ರದಾಗ ಇತ್ತಂತ ತೋರಸ್ರಿ ಅಂದ್ರು. ನಮ್ಮಜ್ಜ ಬಂದಿದ್ದು 1956ರಾಗ. ಆರು ವರ್ಷ! ಮಗಳು ಹುಟ್ಟಿದ್ದು ಇಲ್ಲಿಯ ಕೆಇಎಂ ದವಾಖಾನ್ಯಾಗ, ಕಲಿತಿದ್ದು ಇಲ್ಲಿಯ ಶಾಲ್ಯಾಗ, ಡೊಮಿಸೈಲ್ (ಇಲ್ಲಿಯ ನಿವಾಸಿ ಅನ್ನೂ ಸರ್ಟಿಫಿಕೇಟ್) ಸಿಕ್ಕತು, ಜಾತಿ ಮಾತ್ರ ಗಡಿ ಆ ಕಡೆ ಉಳೀತು. ಒಬಿಸಿಗೆ ಆ ತಾರೀಖು 13 ಅಕ್ಟೋಬರ್ 1967. ನೀವು ಬಂದು 22 ವರ್ಷ ಅಂದ್ರ ಇಲ್ಲಿಯ ಒಬಿಸಿ ಸವಲತ್ತು ಮರೀರಿ.

ಮುಂದ ಒಬ್ಬ ಗುಮಾಸ್ತ ಪುಣ್ಯಾತ್ಮ ಹೇಳಿದ: ಎಸ್‌ಸಿ ಪೋಸ್ಟ್ ಮೆಟ್ರಿಕ್ (ಹತ್ತನೇ ಮುಂದಿನ) ಸ್ಕಾಲರ್‌ಶಿಪ್ ರೊಕ್ಕ ಹುಡುಗ್ರು ಕಲಿಯೂ ರಾಜ್ಯ ಕೊಡೂದಿಲ್ಲ, ಅವರ ಮೂಲ ರಾಜ್ಯ ಕೊಡ್ತೈತಿ. ಆದಾಯ 2.5 ಲಕ್ಷದೊಳಗ ಇರಬೇಕು. ಅಂದ್ರ ಕರ್ನಾಟಕದಾಗ ಹಾಕಬೇಕು. ರೇಷನ್ ಕಾರ್ಡು ಇಲ್ಲೀದು, ಆಧಾರ್ ಇಲ್ಲೀದು, ಜಾತಿ ಅಲ್ಲೀದು. ಕಾಲೇಜಿನವರು ಕರ್ನಾಟಕದ ಅರ್ಜಿಗೆ ಸಹಿ ಮಾಡಂಗಿಲ್ಲ ಅಂದ್ರು. ಏಳು ಸಲ ರಾತ್ರಿ ಗಾಡಿ ಹತ್ತೀನಿ ಕಲಬುರ್ಗಿಗೆ. ಮೊದಲ ವರ್ಷದ್ದು ತಪ್ಪಿತು. ಎರಡನೇ ವರ್ಷ ಬಂತು. ರೊಕ್ಕ ಬಂದ ದಿನ ನಾ ಪಾಸ್‌ಬುಕ್ಕು ಮೂರು ಸಲ ಪ್ರಿಂಟ್ ಮಾಡಿಸೀನಿ.

ಮಾಟುಂಗಾ ಉಡುಪಿ
ನಿಮ್ಮನ್ನು ಹೀಯಾಳಿಸಲಿಲ್ಲ ನಾನು. ಆದರೂ ಏಳು ಸಲದ ಖರ್ಚು, ಹೋದ ಸಂಬಳ ಲೆಕ್ಕ ಹಾಕಿದ್ದೀರಾ? ಸರಕಾರದ ಹಿಂದೆ ಬಿದ್ದು ಒಂದು ವರ್ಷದ ಹಣ ಹೋಯಿತು.

ವರಳಿ ಕಲಬುರ್ಗಿ
ಲೆಕ್ಕ ನನಗೂ ಬರತೈತ್ರಿ. ಅದು ನನ್ನ ಮಗಳ ಹಕ್ಕಿನ ರೊಕ್ಕ. ಯಾರ ಮುಂದೂ ವೇದಿಕೆ ಮ್ಯಾಲೆ ನಿಂತು ಶಾಲು ಹೊದಿಸ್ಕೊಂಡು ತಗೊಂಡಿದ್ದಲ್ಲ.

ಮಾಟುಂಗಾ ಉಡುಪಿ
ಸಂಘದಲ್ಲಿ ಹಣ ಕೊಟ್ಟವರು ಪಾತ್ರೆ ತೊಳೆದು ಮೇಲೆ ಬಂದವರು. ಹಗಲಿಗೆ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಆ ಶಾಲಿಗೆ ಒಂದು ಮಾತು ಅನ್ನಬೇಡಿ.

ವಾಸ್ಕೊ
ಗೋವಾದಲ್ಲಿ ಈ ಗೋಳಿಲ್ಲ. ಗೋವಾ ಶಿಕ್ಷಣ ಅಭಿವೃದ್ಧಿ ನಿಗಮದಿಂದ ಬಡ್ಡಿರಹಿತ ಸಾಲ ಸಿಗುತ್ತದೆ. ಅಪ್ಪ ಇಲ್ಲೇ ಬೈನಾದಲ್ಲಿ ಗಾರೆ ಕೆಲಸ ಮಾಡಿ ಮೂವತ್ತು ವರ್ಷ ಕಳೆದವರು, ವಾಸದ ದಾಖಲೆ ಎಲ್ಲ ಇತ್ತು. ತಗೊಂಡದ್ದು 3,20,000, ತೀರಿಸುತ್ತಿರುವುದೂ 3,20,000. ಈಗ ಸಿಟಿ ಸ್ಕ್ಯಾನ್ ವಿಭಾಗದಲ್ಲಿ ಇದ್ದೇನೆ. ಕಂತು ಕಟ್ಟುವ ದಿನ ನನಗೆ ಸಂಕಟ ಆಗಲ್ಲ, ಹೆಮ್ಮೆ ಆಗುತ್ತೆ.

ಹಡಪ್ಸರ್ ಎಂಆರ್‌ಐ
ಡೊಂಬಿವಲಿಯವರಿಗೆ ಗೋವಾ ಸಾಲ ಎಲ್ಲಿಂದ ಸಿಗುತ್ತೆ? ಅವರು ಕೇಳಿದ್ದೇನು, ನೀವು ಹೇಳ್ತಿರೋದೇನು.

ವಾಸ್ಕೊ
ನೀವು ಅಜ್ಜಿಯ ಬಳೆ ಕಥೆ ಹೇಳಿದಾಗ ಯಾರಾದರೂ ತಡೆದರಾ?

ಥಾಣೆ ವಕೀಲರ ಮನೆ
ಜಗಳ ಸಾಕು. ಒಬಿಸಿ ಸಿಗದಿದ್ದರೂ ಓಪನ್‌ನಲ್ಲಿ ರಾಜರ್ಷಿ ಶಾಹು ಮಹಾರಾಜ್ ಶುಲ್ಕ ಯೋಜನೆ ಇದೆ, ಆದಾಯ 8 ಲಕ್ಷದೊಳಗೆ, ಬೋಧನಾ ಶುಲ್ಕದಲ್ಲಿ ರಿಯಾಯಿತಿ. ಡೊಮಿಸೈಲ್ ಬೇಕು. ಸೀಟು ಕ್ಯಾಪ್ ರೌಂಡಿನಲ್ಲಿ (ಸರಕಾರದ ಕೇಂದ್ರೀಕೃತ ಸೀಟು ಹಂಚಿಕೆ) ಬಂದಿರಬೇಕು, ಮ್ಯಾನೇಜ್‌ಮೆಂಟ್ ಕೋಟಾಗೂ ಡೀಮ್ಡ್ ವಿಶ್ವವಿದ್ಯಾಲಯಕ್ಕೂ ಇಲ್ಲ. ನಿಮ್ಮ 1,45,000ದ ಸೀಟು ಯಾವುದು ಅಂತ ಮೊದಲು ನೋಡಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಇದೆ. ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ.

ನೆರೂಲ್ ನೈಟ್ ಶಿಫ್ಟ್
ಇಷ್ಟು ಗೊತ್ತಿದ್ದವರು ಮೊದಲೇ ಹೇಳಬಹುದಿತ್ತಲ್ಲ. ಮೊದಲು ನನಗೆ ಬುದ್ಧಿ ಹೇಳಲು ಬಂದಿರಿ.

ಡೊಂಬಿವಲಿ ಅಪ್ಪ
ಎಲ್ಲರಿಗೂ ನಮಸ್ಕಾರ. ಕಾಲೇಜಿಗೆ ಫೋನ್ ಮಾಡಿದೆ. ಸೀಟು ಮ್ಯಾನೇಜ್‌ಮೆಂಟ್ ಕೋಟಾದ್ದೇ. ಕ್ಯಾಪ್ ಇನ್ನೊಂದು ರೌಂಡು ಉಳಿದಿದೆಯಂತೆ, ಮಗಳು ಕಾಯೋಣ ಅನ್ನುತ್ತಿದ್ದಾಳೆ. ಬಾಂಡ್ ಫಾರ್ಮನ್ನು ಅವಳೇ ಹರಿದಳು. ಹಡಪ್ಸರಿನವರೇ, ಸಾಲ ಮಾಡಲೇಬೇಕಾದರೆ ಬೋನಾಫೈಡ್‌ನಲ್ಲಿ ಏನು ಬರೆಸಬೇಕು?

ಹಡಪ್ಸರ್ ಎಂಆರ್‌ಐ
"ಕೋರ್ಸಿನ ಒಟ್ಟು ಅವಧಿ 4 ವರ್ಷ, ಕಡ್ಡಾಯ ಇಂಟರ್ನ್‌ಶಿಪ್ ಸೇರಿ" ಅಂತ ಬರೆಸಿ. ಕಡ್ಡಾಯ ಅನ್ನೋ ಪದ ಇರಲೇಬೇಕು. ಸಾಲ ಮಂಜೂರಾತಿ ಪತ್ರದಲ್ಲಿ ಕಂತು ಶುರುವಾಗುವ ತಿಂಗಳು, ವರ್ಷ ಅಚ್ಚಾಗಿದೆಯಾ ನೋಡಿ, ಆಮೇಲೆ ಸಹಿ ಹಾಕಿ. ಸಹಿ ಹಾಕಲು ಹೋಗುವಾಗ ಮಗಳನ್ನೂ ಕರಕೊಂಡು ಹೋಗಿ. ನನ್ನ ಅಪ್ಪ ಒಬ್ಬರೇ ಹೋಗಿದ್ದರು.