ನಾಲ್ಕು ರ‍್ಯಾಮ್ ಹಾಕಿದ ಮೇಲೆ ನೀಲಿ ಸ್ಕ್ರೀನ್: ಬೋರ್ಡ್ ಹೋಗಿದ್ಯಾ?

ಪ್ರಶ್ನೆ (ಮಂಡ್ಯ, ಡಿಟಿಪಿ ಅಂಗಡಿ):
ಸಾರ್ ನಮಸ್ಕಾರ. ಮಂಡ್ಯದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ನಮ್ದು. ಸಿಸ್ಟಂ ರೈಜೆನ್ 5 3600, ಬಿ450 ಬೋರ್ಡು. ಮೊದಲು 8 ಜಿಬಿ ರ‍್ಯಾಮ್ ಎರಡಿತ್ತು, ಡಿಡಿಆರ್4, 3200 ಸ್ಪೀಡು. ಮದುವೆ ಸೀಜನ್ ಬಂತು, ಕೋರೆಲ್‌ನಲ್ಲಿ ಫ್ಲೆಕ್ಸ್ ಫೈಲು ಭಾರ ಆಯ್ತದೆ ಅಂತ ಇನ್ನೂ ಎರಡು 8 ಜಿಬಿ ಹಾಕಿಸ್ದೆ. ಕಂಪನಿ ಬೇರೆ, ಸ್ಪೀಡು ಅದೇ 3200. ಅಲ್ಲಿಂದ ಶುರುವಾಯ್ತು ನೋಡಿ ಕಾಟ. ಒಂದ್ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ನೀಲಿ ಸ್ಕ್ರೀನ್ ಬತ್ತದೆ, ಇನ್ನೊಂದ್ಸಲ ಐಆರ್‌ಕ್ಯೂಎಲ್ ನಾಟ್ ಲೆಸ್ ಅಂತದೆ, ನೆನ್ನೆ ಪೇಜ್ ಫಾಲ್ಟ್. ಫಾರ್ಮ್ಯಾಟ್ ಹೊಡೆಸಿದ್ರೂ ಅದೇ ಕತೆ, ವಿಂಡೋಸ್ ಹಾಕ್ತಾ ಇರೋವಾಗ್ಲೇ ನಿಂತೋಯ್ತು. ಸರ್ವಿಸ್‌ನವ್ರು ಈವೆಂಟ್ ವ್ಯೂವರ್ ತೋರ್ಸಿ, ‘ಕರ್ನಲ್ ಪವರ್ 41 ಬತ್ತಾ ಅದೆ, ಬೋರ್ಡ್ ಹೋಗ್ಬುಟ್ಟದೆ’ ಅಂತಾವ್ರೆ. ಅದ್ರ ಮೇಲೆ ಒಂದು ಲಗ್ನಪತ್ರಿಕೆ ಫೈಲು ಸೇವ್ ಮಾಡಿದ್ದು ಈಗ ಓಪನ್ನೇ ಆಯ್ತಾ ಇಲ್ಲ. ಬೋರ್ಡ್ ಬದಲಾಯಿಸ್ಬುಡ್ಲಾ?

ಉತ್ತರ:
ಬೋರ್ಡಿಗೆ ದುಡ್ಡು ಕೊಡಬೇಡಿ ಸರ್, ಸದ್ಯಕ್ಕೆ. ನೀವು ಬರೆದಿರೋದರಲ್ಲೇ ಮುಕ್ಕಾಲು ಉತ್ತರ ಇದೆ.

ಮೊದಲು ಆ 41ರ ವಿಷಯ. ಕರ್ನಲ್ ಪವರ್ 41 ಅಂದ್ರೆ ‘ಹೋದ ಸಲ ಸಿಸ್ಟಂ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು’ ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದಿಡೋ ಒಂದು ಸಾಲು, ಅಷ್ಟೆ. ಹೆಣ ಸಿಕ್ಕಿದೆ ಅಂತ ಸ್ಟೇಷನ್ ಡೈರಿಯಲ್ಲಿ ಬರೆದ ಹಾಗೆ. ಕೊಂದವರು ಯಾರು ಅಂತ ಅದರಲ್ಲಿ ಇರಲ್ಲ. ಕರೆಂಟ್ ಹೋದರೂ 41, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41, ನೀಲಿ ಸ್ಕ್ರೀನ್ ಬಂದರೂ 41. ಅದನ್ನ ನೋಡಿ ಬೋರ್ಡ್ ಹೋಗಿದೆ ಅನ್ನೋಕೆ ಬರಲ್ಲ.

ಈಗ ನೀಲಿ ಸ್ಕ್ರೀನಿನ ಹೆಸರು. ಪ್ರತಿ ಸಲ ಒಂದೇ ಹೆಸರು, ಅದರ ಕೆಳಗೆ ಒಂದೇ ಡ್ರೈವರ್ ಫೈಲು ಬರ್ತಿದ್ರೆ ನಾನು ಡ್ರೈವರ್ ಹಿಡೀತೀನಿ. ಹೆಸರು ದಿನಕ್ಕೊಂದು ಅಂತ ಬದಲಾಗ್ತಿದ್ರೆ ಮೊದಲು ರ‍್ಯಾಮ್ ಹಿಡೀತೀನಿ. ಯಾಕಂದ್ರೆ ಕೆಟ್ಟ ಬಿಟ್ ಯಾವ ಪ್ರೋಗ್ರಾಮಿನ ಪಾಲಿಗೆ ಬಂತೋ ಅದು ಬೀಳುತ್ತೆ, ಹೆಸರು ಅದರದ್ದೇ ಬರುತ್ತೆ. ಹೊಸ ವಿಂಡೋಸ್ ಹಾಕೋವಾಗಲೇ ನಿಂತಿತು ಅಂದ್ರಲ್ಲ, ಅಲ್ಲಿಗೆ ಹಳೆ ಡ್ರೈವರ್, ವೈರಸ್ ಎಲ್ಲ ಲೆಕ್ಕದಿಂದ ಹೊರಗೆ ಹೋಯ್ತು. ಸೇವ್ ಮಾಡಿದ ಫೈಲ್ ತೆಗೆಯದೇ ಇರೋದಕ್ಕೂ ಇದೇ ಕಾರಣ ಇರಬಹುದು. ಡಿಸ್ಕಿಗೆ ಹೋಗೋ ಮುಂಚೆ ಫೈಲು ರ‍್ಯಾಮಿನಲ್ಲಿ ಕೂತಿರುತ್ತೆ; ಅಲ್ಲೇ ಕೆಟ್ಟಿದ್ರೆ ಡಿಸ್ಕಿಗೂ ಕೆಟ್ಟದ್ದೇ ಹೋಗಿ ಕೂರುತ್ತೆ.

ನಿಮ್ಮ ಪ್ರೊಸೆಸರಿಗೆ ಎಎಂಡಿಯವರು ಕೊಟ್ಟಿರೋ ಲೆಕ್ಕ ಹೀಗಿದೆ: ಎರಡು ಸ್ಟಿಕ್ ಇದ್ದರೆ 3200. ನಾಲ್ಕು ಸ್ಲಾಟೂ ತುಂಬಿದರೆ ಸಿಂಗಲ್ ರ‍್ಯಾಂಕ್ ಸ್ಟಿಕ್ಕಿಗೆ 2933, ಡ್ಯುಯಲ್ ರ‍್ಯಾಂಕ್ ಆದರೆ 2667. (ಸ್ಟಿಕ್ಕಿನಲ್ಲಿ ಚಿಪ್ಪುಗಳ ಒಂದು ಗುಂಪು ಇದ್ದರೆ ಸಿಂಗಲ್, ಎರಡಿದ್ದರೆ ಡ್ಯುಯಲ್.) ಬಾಕ್ಸಿನ ಮೇಲೆ 3200 ಅಂತ ಇರೋದು ಆ ಸ್ಟಿಕ್ಕಿನ ಮಾತು. ನಾಲ್ಕನ್ನೂ ಒಟ್ಟಿಗೆ ನಡೆಸಬೇಕಾದದ್ದು ಪ್ರೊಸೆಸರಿನೊಳಗಿರೋ ಮೆಮೊರಿ ಕಂಟ್ರೋಲರ್. ಎಷ್ಟೋ ಸಿಸ್ಟಂನಲ್ಲಿ ನಾಲ್ಕೂ 3200ರಲ್ಲಿ ಓಡುತ್ತೆ, ನಿಜ, ಆದರೆ ಅದಕ್ಕೆ ಗ್ಯಾರಂಟಿ ಯಾರೂ ಕೊಟ್ಟಿಲ್ಲ. ಎರಡು ಕಂಪನಿ ಸೇರಿದ್ರೆ ಇನ್ನೂ ಅನುಮಾನ.

ಮಾಡಬೇಕಾದದ್ದು: ಸಿಸ್ಟಂ ಆನ್ ಆಗ್ತಿದ್ದ ಹಾಗೇ ಡಿಲೀಟ್ ಕೀ ಒತ್ತಿ ಬಯಾಸ್‌ಗೆ (ಬೋರ್ಡಿನ ಸೆಟಿಂಗ್ ಇರೋ ಜಾಗ) ಹೋಗಿ, ಎಕ್ಸ್‌ಎಂಪಿ (ಬಾಕ್ಸಿನ ಮೇಲಿರೋ ಸ್ಪೀಡಿಗೆ ಏರಿಸೋ ಸೆಟಿಂಗ್) ಆಫ್ ಮಾಡಿ. ಕೆಲವು ಬೋರ್ಡಿನಲ್ಲಿ ಎ-ಎಕ್ಸ್‌ಎಂಪಿ ಅಂತಲೋ ಡಿಓಸಿಪಿ ಅಂತಲೋ ಇರುತ್ತೆ. ಆಫ್ ಮಾಡಿದ್ರೆ ರ‍್ಯಾಮ್ ತನ್ನ ಮೂಲ ಸ್ಪೀಡಿಗೆ ಬರುತ್ತೆ, ಸಾಮಾನ್ಯವಾಗಿ 2133ರಿಂದ 2666ರೊಳಗೆ, ವೋಲ್ಟೇಜೂ 1.35ರಿಂದ 1.2ಕ್ಕೆ ಇಳಿಯುತ್ತೆ. ಆಮೇಲೆ ಮೆಮ್‌ಟೆಸ್ಟ್86 ಅನ್ನೋ, ಮೆಮೊರಿ ಪರೀಕ್ಷೆ ಮಾಡೋ ಪ್ರೋಗ್ರಾಮನ್ನ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಉಚಿತವಾಗಿ ಸಿಗುತ್ತೆ, ನಾಲ್ಕು ಸುತ್ತು ಓಡುತ್ತೆ. 32 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ಅಂಗಡಿ ಬಾಗಿಲು ಹಾಕೋವಾಗ ಶುರು ಮಾಡಿ ಹೋಗಿ. ಬೆಳಿಗ್ಗೆ ಸ್ಕ್ರೀನಿನಲ್ಲಿ ಕೆಂಪು ಸಾಲು ಒಂದೇ ಒಂದು ಇದ್ದರೂ ಫೇಲ್ ಅಂತಲೇ ಲೆಕ್ಕ. ‘ಒಂದೇ ಎರರ್ ತಾನೆ’ ಅನ್ನೋ ಹಾಗಿಲ್ಲ.

ಅಲ್ಲೀವರೆಗೆ ಗಿರಾಕಿಗಳ ಫೈಲನ್ನ ಈ ಸಿಸ್ಟಂನಲ್ಲಿ ಮುಟ್ಟಬೇಡಿ. ಬ್ಯಾಕಪ್ ಕೂಡ ಈಗ ತೆಗೀಬೇಡಿ, ಕೆಟ್ಟ ಕಾಪಿ ಒಳ್ಳೇದರ ಮೇಲೆ ಕೂತುಬಿಡುತ್ತೆ.

ಮರುಪ್ರಶ್ನೆ (ಅದೇ ಮಂಡ್ಯದವರು):
ಸಾರ್, ಒಂದು ಡೌಟು. ಮೆಮ್‌ಟೆಸ್ಟ್ ಹಾಕಿದ್ದಾಯ್ತು. ಎಕ್ಸ್‌ಎಂಪಿ ಆನ್ ಇದ್ದಾಗ ನಾಲ್ಕೂ ಸೇರಿದ್ರೆ ಕೆಂಪೋ ಕೆಂಪು. ಹಳೇ ಜೋಡಿ ಮಾತ್ರ ಹಾಕಿದ್ರೆ 3200ರಲ್ಲೂ ಒಂದೂ ಎರರ್ ಇಲ್ಲ, ಹೊಸ ಜೋಡಿ ಮಾತ್ರ ಹಾಕಿದ್ರೂ ಇಲ್ಲ. ಎಕ್ಸ್‌ಎಂಪಿ ಆಫ್ ಮಾಡಿ ನಾಲ್ಕೂ ಹಾಕಿದ್ರೂ ಪಾಸು. ಹಂಗಾದ್ರೆ ಕೆಟ್ಟಿರೋದು ಯಾವ್ದು? ಅಂಗಡಿಯವ್ನು ವಾಪಸ್ ತಕ್ಕೊಳಲ್ಲ ಅಂತಾನೆ, ‘ರ‍್ಯಾಮ್ ಚೆನ್ನಾಗೇ ಅದಲ್ಲ’ ಅಂತಾನೆ.

ಉತ್ತರ:
ಅಂಗಡಿಯವರು ಹೇಳಿದ್ದು ಸರಿ ಸರ್. ಯಾವ ಸ್ಟಿಕ್ಕೂ ಕೆಟ್ಟಿಲ್ಲ, ಬೋರ್ಡೂ ಚೆನ್ನಾಗಿದೆ. ನಾಲ್ಕು ಸೇರಿ ಆ ಸ್ಪೀಡಿನಲ್ಲಿ ಓಡ್ತಿಲ್ಲ, ಅಷ್ಟೆ. ನೀವು ಜೋಡಿ ಜೋಡಿಯಾಗಿ ಹಾಕಿ ನೋಡಿದ್ದು ಬಹಳ ಒಳ್ಳೇ ಕೆಲಸ. ಎಷ್ಟೋ ಜನ ನಾಲ್ಕನ್ನೂ ಹಾಕಿ ಟೆಸ್ಟ್ ಮಾಡಿ ಎಲ್ಲವನ್ನೂ ಕಸಕ್ಕೆ ಹಾಕ್ತಾರೆ.

ಎಕ್ಸ್‌ಎಂಪಿ ಆಫೇ ಇರಲಿ. ಬೇಕಾದರೆ ಸ್ಪೀಡನ್ನ ಕೈಯಲ್ಲೇ 2666ಕ್ಕೆ ಇಟ್ಟು ಇನ್ನೊಂದು ರಾತ್ರಿ ಟೆಸ್ಟ್ ಹಾಕಿ, ಪಾಸಾದರೆ ಅಲ್ಲೇ ಬಿಡಿ. ಕೋರೆಲ್, ನುಡಿ, ಪೇಜ್‌ಮೇಕರ್ ಕೆಲಸಕ್ಕೆ 2666ಕ್ಕೂ 3200ಕ್ಕೂ ನಿಮ್ಮ ಕಣ್ಣಿಗೆ ಕಾಣೋ ವ್ಯತ್ಯಾಸ ಏನೂ ಇರಲ್ಲ. ರ‍್ಯಾಮ್ ಸಾಲದೆ ಹೋದಾಗ ಆಗೋ ನಿಧಾನ ಕಾಣುತ್ತೆ. ವೋಲ್ಟೇಜ್ ಏರಿಸಿ 3200ಕ್ಕೆ ಎಳೆಯೋ ವಿಡಿಯೋಗಳು ಸಿಗುತ್ತೆ, ಗೇಮ್ ಆಡೋ ಹುಡುಗರಿಗೆ ಅದು ಆಟ. ದುಡಿಯೋ ಸಿಸ್ಟಂಗೆ ನಾನು ಮಾಡಲ್ಲ.

ಇಷ್ಟಾದ ಮೇಲೆ ವಿಂಡೋಸ್ ಇನ್ನೊಂದು ಸಲ ಹೊಸದಾಗಿ ಹಾಕಿಸಿ. ಹಾಕೋವಾಗ ರ‍್ಯಾಮ್ ತಪ್ಪು ಮಾಡ್ತಿತ್ತಲ್ಲ, ಒಳಗಿನ ಫೈಲುಗಳ ಮೇಲೆ ನಂಬಿಕೆ ಇಲ್ಲ. ಅಷ್ಟು ಬಿಡುವಿಲ್ಲ ಅಂದ್ರೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಮೊದಲು ಡಿಐಎಸ್‌ಎಂನ ರಿಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ. ಅದು ವಿಂಡೋಸಿನ ಫೈಲು ಸರಿ ಮಾಡುತ್ತೆ, ನಿಮ್ಮ ಲಗ್ನಪತ್ರಿಕೆ ಸರಿ ಮಾಡಲ್ಲ. ಅದಕ್ಕೆ ಕೋರೆಲ್ ತಾನೇ ಇಟ್ಟಿರೋ ಬ್ಯಾಕಪ್ ಕಾಪಿ ಅದೇ ಫೋಲ್ಡರಿನಲ್ಲಿ ಇದ್ಯಾ ನೋಡಿ. ನಾಲ್ಕು ಸ್ಟಿಕ್ ಹಾಕಿದ ದಿನದಿಂದ ಈಚೆಗೆ ಸೇವ್ ಮಾಡಿದ ಫೈಲನ್ನೆಲ್ಲ ಪ್ರಿಂಟಿಗೆ ಕೊಡೋ ಮುಂಚೆ ಒಂದೊಂದೇ ತೆಗೆದು ನೋಡಿಬಿಡಿ. ಮುಹೂರ್ತದ ಸಾಲು ಸರಿಯಿದೆಯೋ ಇಲ್ಲವೋ ಕಣ್ಣಲ್ಲೇ ಓದಿ.

ಪ್ರಶ್ನೆ (ಮೈಸೂರು, ಕುವೆಂಪುನಗರ):
ಸರ್, ನಮ್ಮ ಮಗ ಎಂಜಿನಿಯರಿಂಗ್ ಓದ್ತಿದಾನೆ. ಅವನ ಕಂಪ್ಯೂಟರಲ್ಲಿ ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರತ್ತೆ. ಗ್ರಾಫಿಕ್ಸ್ ಡ್ರೈವರ್ ನಿಂತು ಮತ್ತೆ ಶುರುವಾಯ್ತು ಅಂತ ಬರತ್ತೆ, ಲಾಗ್‌ನಲ್ಲಿ ಯಾವಾಗಲೂ ಎನ್‌ವಿಎಲ್‌ಡಿಡಿಎಂಕೆಎಂ ಅನ್ನೋ ಒಂದೇ ಹೆಸರು. ಮೇಲಿನದು ಓದಿ ರ‍್ಯಾಮ್ ಟೆಸ್ಟ್ ಮಾಡು ಅಂತ ಅವನಿಗೆ ಹೇಳಿದೀನಿ. ಸರಿನಾ?

ಉತ್ತರ:
ಟೆಸ್ಟ್ ಮಾಡಿದ್ರೆ ನಷ್ಟ ಏನಿಲ್ಲ ಮೇಡಂ, ಆದರೆ ನಿಮ್ಮದು ಬೇರೆ ಜಾತಿ ತೊಂದರೆ. ಆ ಉದ್ದದ ಹೆಸರು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರಿನದು. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ರೆ ವಿಂಡೋಸ್ ತಾನೇ ಆ ಡ್ರೈವರನ್ನ ಎಬ್ಬಿಸಿ ಕೂರಿಸುತ್ತೆ; ಸ್ಕ್ರೀನ್ ಕಪ್ಪಾಗೋದು ಆವಾಗ.

ಇಂಟರ್ನೆಟ್ ಕೇಬಲ್ ತೆಗೆದು ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನೋ ಟೂಲಿನಿಂದ ಹಳೆ ಡ್ರೈವರ್ ಪೂರ್ತಿ ಕಿತ್ತುಹಾಕೋಕೆ ಹೇಳಿ. ನೆಟ್ ಇದ್ದರೆ ವಿಂಡೋಸ್ ಮಧ್ಯದಲ್ಲೇ ತನಗೆ ಬೇಕಾದ ಡ್ರೈವರ್ ತಂದು ಹಾಕಿಬಿಡುತ್ತೆ. ಆಮೇಲೆ ಎನ್‌ವಿಡಿಯಾ ಸೈಟಿನಿಂದ ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಲಿ. ತೊಂದರೆ ಇತ್ತೀಚಿನ ಅಪ್‌ಡೇಟ್ ಆದ ಮೇಲೆ ಶುರುವಾಗಿದ್ರೆ ಅದಕ್ಕಿಂತ ಹಿಂದಿನದ್ದೇ ಹಾಕಲಿ, ಹೊಸದೇ ಒಳ್ಳೇದು ಅಂತೇನಿಲ್ಲ. ಅದಾದ ಮೇಲೂ, ಅದೂ ಗೇಮ್ ಜೋರಾಗಿ ಓಡೋವಾಗಲೇ ಬಂದ್ರೆ ಎಸ್‌ಎಂಪಿಎಸ್ (ಬಾಕ್ಸಿನೊಳಗಿನ ಪವರ್ ಸಪ್ಲೈ) ಮೇಲೆ ಅನುಮಾನ ಪಡಿ. ಕಾರ್ಡಿಗೆ ಬರೋ ಪವರ್ ವೈರ್ ಪೂರ್ತಿ ಕೂತಿದ್ಯಾ, ಮೊದಲು ಅದನ್ನ ಒತ್ತಿ ನೋಡಿ.

‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಅನ್ನೋ ಸಾಫ್ಟ್‌ವೇರ್ ಇದ್ದರೆ ತೆಗೆಸಿಬಿಡಿ.

ಪ್ರಶ್ನೆ (ಶ್ರೀರಂಗಪಟ್ಟಣ):
ಸರ್, ನಮ್ಮ ಸಿಪಿಯು ಬಾಕ್ಸ್ ಮುಟ್ಟಿದ್ರೆ ಚುರ್ ಅನ್ನುತ್ತೆ. ಟೆಸ್ಟರ್ ಇಟ್ರೆ ಸಣ್ಣಗೆ ಲೈಟೂ ಬರುತ್ತೆ. ಪೆನ್‌ಡ್ರೈವ್ ಹಾಕಿದ ಕೂಡಲೇ ಹ್ಯಾಂಗ್ ಆಗೋದೂ ಉಂಟು. ಬೋರ್ಡ್ ಶಾರ್ಟ್ ಆಗಿದ್ಯಾ? ಹಳೇ ಮನೆ, ಟೂ ಪಿನ್ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಹಾಕಿದೀವಿ.

ಉತ್ತರ:
ಕೊನೇ ಸಾಲಿನಲ್ಲಿ ನೀವೇ ಹೇಳಿಬಿಟ್ರಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಬಾಡಿಗೆ ಬಂದಿರುತ್ತೆ. ಅರ್ಥಿಂಗ್ ಇದ್ದರೆ ಅದರಿಂದ ಸೋರೋ ಚೂರು ಕರೆಂಟು ನೆಲಕ್ಕೆ ಹೋಗುತ್ತೆ. ಅರ್ಥ್ ಇಲ್ಲದಿದ್ರೆ ಬಾಕ್ಸಿನ ಮೈಮೇಲೆ 230ರ ಅರ್ಧ, ಅಂದ್ರೆ 115 ವೋಲ್ಟಿನ ಆಸುಪಾಸು ನಿಂತಿರುತ್ತೆ. ಕರೆಂಟು ಕಡಿಮೆ ಇರೋದರಿಂದ ಚುರ್ ಅಂತ ಬಿಡುತ್ತೆ. ಆದರೆ ಯುಎಸ್‌ಬಿ, ಎಚ್‌ಡಿಎಂಐ ಪೋರ್ಟ್ ಸುಡೋಕೆ ಅದು ಸಾಕು.

ಕಂಪ್ಯೂಟರ್ ರಿಪೇರಿಯವರನ್ನ ಕರೀಬೇಡಿ, ಎಲೆಕ್ಟ್ರಿಷಿಯನ್ ಕರೀರಿ. ತ್ರೀ ಪಿನ್ ಸಾಕೆಟ್ ಹಾಕಿಸಿ, ಅರ್ಥ್ ಗುಂಡಿವರೆಗೂ ವೈರ್ ಹೋಗಿದ್ಯಾ ನೋಡಿಸಿ. ಮೀಟರಿನಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ಎಷ್ಟು ಬರುತ್ತೋ ಫೇಸ್‌ಗೂ ಅರ್ಥ್‌ಗೂ ಹತ್ತಿರ ಹತ್ತಿರ ಅಷ್ಟೇ ಬರಬೇಕು. ಬೇಸಿಗೇಲಿ ಗುಂಡಿ ಒಣಗಿದ್ರೆ ಒಂದು ಬಕೆಟ್ ನೀರು ಹುಯ್ಯಿರಿ. ಸಾಕೆಟ್ಟಿನೊಳಗೇ ನ್ಯೂಟ್ರಲ್ ವೈರನ್ನ ಅರ್ಥ್ ಪಿನ್ನಿಗೆ ಸೇರಿಸಿ ‘ಆಯ್ತು ಬಿಡಿ’ ಅನ್ನೋರೂ ಇದಾರೆ. ಅದಕ್ಕೆ ಮಾತ್ರ ಖಂಡಿತ ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಟ್ ಆದ ದಿನ ಪೂರ್ತಿ 230 ಬಾಕ್ಸಿನ ಮೇಲೆ ಬರುತ್ತೆ.

ಅರ್ಥ್ ಸರಿಯಾದ ಮೇಲೂ ಹ್ಯಾಂಗ್ ಆದ್ರೆ ಆಗ ಇಲ್ಲಿ ಬರೀರಿ.

ಪ್ರಶ್ನೆ (ಮೈಸೂರು, ಹೆಬ್ಬಾಳ):
ಇನ್ವರ್ಟರ್ ಇದ್ರೂ ಕರೆಂಟ್ ಹೋದ ತಕ್ಷಣ ಸಿಸ್ಟಂ ರೀಸ್ಟಾರ್ಟ್ ಆಗುತ್ತೆ, ಫ್ಯಾನು ಲೈಟು ಎಲ್ಲ ಸರಿ ಇರುತ್ತೆ. ಇದೂ ಬೋರ್ಡ್ ತೊಂದರೆ ಅಲ್ವಾ?

ಉತ್ತರ:
ಅಲ್ಲ. ಇನ್ವರ್ಟರ್ ಮೇಲೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ನಾರ್ಮಲ್ ಮೋಡಿನಲ್ಲಿ ಬದಲಾಗೋಕೆ ತಡ ಆಗುತ್ತೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯೋದು 16 ಮಿಲಿಸೆಕೆಂಡಿನ ಆಸುಪಾಸು ಮಾತ್ರ.

ಮರುಪ್ರಶ್ನೆ (ಮಂಡ್ಯದವರು):
ಸಾರ್, 2666ರಲ್ಲಿ ಚೆನ್ನಾಗಿ ಓಡ್ತಾ ಅದೆ, ನೀಲಿ ಸ್ಕ್ರೀನ್ ಇಲ್ಲ. ವಿಂಡೋಸ್ 11 ಹಾಕಿಸ್ದೆ. ಈಗ ಆಗೀಗ ಒಂದು ಸೆಕೆಂಡ್ ಮೌಸು ನಿಂತು ಹೋಯ್ತದೆ, ಹಾಡು ಗರ್ರ್ ಅಂತದೆ. ಬಯಾಸ್ ಅಪ್‌ಡೇಟ್ ಮಾಡು ಅಂತ ಹೇಳ್ತಾವ್ರೆ. ಮಾಡ್ಲಾ?

ಉತ್ತರ:
ಇದಕ್ಕೆ ಮಾತ್ರ ಮಾಡಿ. ವಿಂಡೋಸ್ 11 ಕೇಳೋ ಟಿಪಿಎಂ (ಭದ್ರತೆಯ ಕೀಗಳನ್ನ ಕಾಯೋ ಭಾಗ) ನಿಮ್ಮ ಪ್ರೊಸೆಸರ್ ಜೊತೆಗೇ ಇದೆ, ಅದು ಬಯಾಸ್ ಚಿಪ್ಪಿನ ಜೊತೆ ಮಾತಾಡೋವಾಗ ರೈಜೆನ್ ಸಿಸ್ಟಂಗಳು ಹೀಗೆ ಕ್ಷಣ ನಿಲ್ಲುತ್ತೆ ಅಂತ 2022ರಲ್ಲಿ ಎಎಂಡಿಯವರೇ ಒಪ್ಕೊಂಡು, ಹೊಸ ಬಯಾಸ್‌ನಲ್ಲಿ ಸರಿ ಮಾಡಿದಾರೆ. ನಿಮ್ಮ ಬೋರ್ಡಿನ ಮಾಡೆಲ್ ನಂಬರ್ ಬೋರ್ಡಿನ ಮೇಲೇ ಪ್ರಿಂಟ್ ಆಗಿರುತ್ತೆ; ಕೊನೇ ಅಕ್ಷರದವರೆಗೂ ಅದೇ ಇರೋ ಫೈಲು ಕಂಪನಿ ಸೈಟಿನಿಂದ ಇಳಿಸಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಕೊಳ್ಳಿ. ಕರೆಂಟು ನಂಬೋಕಾಗಲ್ಲ, ಹಾಗಾಗಿ ಯುಪಿಎಸ್ ಪೂರ್ತಿ ಚಾರ್ಜ್ ಇದ್ದಾಗ ಮಾತ್ರ ಕೈ ಹಾಕಿ. ಅರ್ಧಕ್ಕೆ ನಿಂತರೆ ಬೋರ್ಡ್ ನಿಜವಾಗಲೂ ಹೋಗುತ್ತೆ. ಅಪ್‌ಡೇಟ್ ಆದ ಮೇಲೆ ಬಯಾಸ್ ಸೆಟಿಂಗ್ ಎಲ್ಲ ಮೊದಲಿನ ಹಾಗಾಗುತ್ತೆ, ರ‍್ಯಾಮ್ ಸ್ಪೀಡನ್ನ ಮತ್ತೆ 2666ಕ್ಕೆ ಇಡಿ. ಯಾರಾದರೂ ಎಕ್ಸ್‌ಎಂಪಿ ಆನ್ ಮಾಡಿಕೊಡ್ತೀನಿ ಅಂದ್ರೆ ಬೇಡ ಅನ್ನಿ.