ಅಪ್ಪನ ಕ್ರಿಯಾಟಿನಿನ್ 1.9 ಬಂದದೆ, ಬಿಪಿ ಮಾತ್ರೆಯಿಂದ್ಲೇ ಕಿಡ್ನಿ ಹಾಳಾಯ್ತು ಅಂತಾವ್ರೆ, ನಿಜಾನಾ?

ಮದ್ದೂರ್ ಹೈದ
ಎಲ್ರಿಗೂ ನಮಸ್ಕಾರ. ಅಪ್ಪಂಗೆ 58, ಮದ್ದೂರ್ ಹತ್ರ ಕಬ್ಬು ಭತ್ತ ಮಾಡ್ಕಂಡವ್ರೆ, ಬಿಪಿ ಅಂತ ಗೊತ್ತಾಗಿ ಎಂಟು ವರ್ಷ ಆಯ್ತು ಆದ್ರೆ ತಲೆ ಸುತ್ತಿದ್ರೆ ಮಾತ್ರೆ ಇಲ್ದಿದ್ರೆ ಇಲ್ಲ, ಹಂಗೇ ನಡ್ಕಂಡ್ ಬಂತು. ಎರಡು ತಿಂಗ್ಳ ಹಿಂದೆ ಕಾಲು ಊದ್ಕಂಡ್ವು ಅಂತ ಮಂಡ್ಯಕ್ಕೆ ಕರ್ಕಂಡ್ ಹೋದ್ರೆ ಬಿಪಿ 170/100, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಆಚೆ ಹಾಕ್ಬೇಕಾದ ರಕ್ತದ ಕಸ, ಜಾಸ್ತಿ ಆದ್ರೆ ಕಿಡ್ನಿ ಸೋತದೆ ಅಂತ) 1.6. ಟೆಲ್ಮಿಸಾರ್ಟನ್ ಅಂತ ಬಿಪಿ ಮಾತ್ರೆ ಬರ್ಕೊಟ್ರು. ಮೂರು ವಾರ ಬಿಟ್ಟು ಬ್ಲಡ್ ಟೆಸ್ಟ್ ಮಾಡ್ಸಿದ್ರೆ 1.9! ಅದ್ನ ನೋಡಿ ನಮ್ ದೊಡ್ಡಪ್ಪ "ನಾ ಯೋಳ್ನಿಲ್ವಾ, ಇಂಗ್ಲಿಷ್ ಮಾತ್ರೆ ಕಿಡ್ನಿ ತಿಂದಾಕ್ತದೆ" ಅಂತ ಕೂತವ್ರೆ, ಅಪ್ಪ ನಾಲ್ಕು ದಿನದಿಂದ ಮಾತ್ರೆ ಮುಟ್ಟಿಲ್ಲ. ಶುಗರ್ ಇಲ್ಲ. ಏನ್ ಮಾಡ್ಲಿ?

ವಾರ್ಡ್ ಅಕ್ಕ, ಮೈಸೂರು
ನಾನು ಡಾಕ್ಟರ್ ಅಲ್ಲ, ಡಯಾಲಿಸಿಸ್ ವಾರ್ಡಲ್ಲಿ 14 ವರ್ಷದಿಂದ ನರ್ಸು. ಮೊದಲು ಇವತ್ತೇ ಬರ್ಕೊಟ್ಟ ಡಾಕ್ಟರ್‌ಗೆ ಫೋನ್ ಮಾಡಿ ಮಾತ್ರೆ ನಿಲ್ಸಿದ್ದಾರೆ ಅಂತ ಹೇಳಿ, ಮಿಕ್ಕಿದ್ದು ಆಮೇಲೆ.

ನಾಲೆ ನೀರಿನ ಲೆಕ್ಕದಲ್ಲೇ ಹೇಳ್ತೀನಿ, ಮದ್ದೂರಿನವ್ರಲ್ವಾ. ಒಂದೊಂದು ಕಿಡ್ನಿಲೂ ಸುಮಾರು 10 ಲಕ್ಷ ಸಣ್ಣ ಜರಡಿ ಇರ್ತವೆ, ಕೂದಲಿಗಿಂತ ಸಣ್ಣ ರಕ್ತನಾಳದ ಉಂಡೆಗಳು ಅವು. ನೀರು ರಭಸದಲ್ಲಿ ನುಗ್ಗಿದ್ರೆ ಗದ್ದೆ ಬದು ಕೊಚ್ಚೋಗಲ್ವಾ, ಹಾಗೇ ವರ್ಷಗಟ್ಲೆ ಜಾಸ್ತಿ ಒತ್ತಡದಲ್ಲಿ ರಕ್ತ ಬಂದ್ರೆ ಆ ನಾಳದ ಗೋಡೆ ದಪ್ಪ ಆಗಿ ಗಟ್ಟಿಯಾಗಿ ಜರಡಿ ಒಂದೊಂದೇ ಮುಚ್ಕೊಳ್ಳುತ್ತೆ. ಇಲ್ಲಿಂದಾನೇ ತಮಾಷೆ ಶುರು. ನಾಳ ಕಿರಿದಾದ ಮೇಲೆ ಕಿಡ್ನಿಗೆ ರಕ್ತ ಸಾಲಲ್ಲ, ನಾಲೆ ಕೊನೆ ಭಾಗದ ರೈತರು "ನಮಗೆ ನೀರೇ ಬಂದಿಲ್ಲ, ತೂಬು ಎತ್ತಿ" ಅಂತ ಗಲಾಟೆ ಮಾಡಿದ ಹಾಗೆ ಕಿಡ್ನಿ ರೆನಿನ್ ಅಂತ ಒಂದು ರಾಸಾಯನಿಕ ಬಿಡುತ್ತೆ, ಅದ್ರಿಂದ ಮೈಯೆಲ್ಲಾ ರಕ್ತನಾಳ ಬಿಗಿಯುತ್ತೆ, ಉಪ್ಪು ನೀರು ಒಳಗೇ ನಿಲ್ಲುತ್ತೆ, ಬಿಪಿ ಇನ್ನೂ ಏರುತ್ತೆ. ಬಿಪಿಯಿಂದ ಕಿಡ್ನಿ, ಕಿಡ್ನಿಯಿಂದ ಬಿಪಿ. ಯಾವುದು ಮೊದಲು ಬಂತು ಅಂತ ಎಷ್ಟೋ ಪೇಷೆಂಟ್‌ಗಳಲ್ಲಿ ಡಾಕ್ಟರ್‌ಗಳಿಗೂ ಹೇಳಕ್ಕಾಗಲ್ಲ.

ಟೆಲ್ಮಿಸಾರ್ಟನ್ ಆ ಗಲಾಟೆನೇ ನಿಲ್ಸೋ ಮಾತ್ರೆ. ಜರಡಿ ಒಳಗಿನ ಒತ್ತಡ ಇಳಿಯುತ್ತೆ, ಒತ್ತಡ ಇಳಿದಾಗ ಸೋಸೋದೂ ಒಂಚೂರು ಕಮ್ಮಿ ಆಗಿ ಶುರುನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಮೇಲೆ ಹೋಗುತ್ತೆ. 30 ಪರ್ಸೆಂಟ್ ಒಳಗೆ ಏರಿ ಅಲ್ಲೇ ನಿಂತ್ರೆ ಸಾಮಾನ್ಯವಾಗಿ ಮುಂದುವರಿಸ್ತಾರೆ. 1.6ರಿಂದ 1.9 ಅಂದ್ರೆ 20 ಪರ್ಸೆಂಟೂ ಇಲ್ಲ. ದೊಡ್ಡಪ್ಪ ಸಾಕ್ಷಿ ಅಂತ ಹಿಡ್ಕೊಂಡಿರೋದು ಮಾತ್ರೆ ಕೆಲ್ಸ ಮಾಡ್ತಿರೋ ಗುರುತೂ ಇರಬಹುದು ಕಣಪ್ಪ. ಪೊಟ್ಯಾಸಿಯಂ ನೋಡಿದ್ರಾ? ಮೂತ್ರದಲ್ಲಿ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ ಮಾಡ್ಸಿದ್ರಾ? ಅದು 30 ದಾಟಿದ್ರೆ ಆಲ್ಬುಮಿನ್ ಅನ್ನೋ ಪ್ರೋಟೀನ್ ಜರಡಿಯಿಂದ ಸೋರ್ತಿದೆ ಅಂತ, ಕ್ರಿಯಾಟಿನಿನ್ ಏರೋಕೆ ವರ್ಷಗಳ ಮುಂಚೇನೇ ಇದು ಗೊತ್ತಾಗುತ್ತೆ, ಆದ್ರೆ ಮಾಡ್ಸೋರೇ ಕಮ್ಮಿ.

ಕುವೆಂಪುನಗರ ವಾಕರ್
ಅಕ್ಕ ಹೇಳಿದ್ದು ಸರಿ, ನನ್ನದೊಂದು ಸೇರಿಸ್ತೀನಿ. ಮಂಡಿ ನೋವಿಗೆ ಡೈಕ್ಲೋಫಿನಾಕ್ ದಿನಾ ನುಂಗ್ತಿದ್ದೆ, ಚೀಟಿ ಇಲ್ದೇನೇ ಕೊಡೋರು, ಎರಡು ವರ್ಷ. ಬಿಪಿ ಯಾಕೆ ಇಳೀತಿಲ್ಲ ಅಂತ ಮಾತ್ರೆ ಮೇಲೆ ಮಾತ್ರೆ ಬದಲಾಯಿಸಿದ್ರು, ಕೊನೆಗೆ ಒಬ್ಬ ಹುಡುಗ ಡಾಕ್ಟರ್ "ಬೇರೆ ಏನೇನ್ ತಗೋತೀರಾ ಎಲ್ಲಾ ಟೇಬಲ್ ಮೇಲಿಡಿ" ಅಂದಾಗ ಸಿಕ್ಕಿಬಿದ್ದೆ. ಈ ನೋವಿನ ಮಾತ್ರೆ ಬಿಪಿನೂ ಏರಿಸುತ್ತೆ ಕಿಡ್ನಿನೂ ಕೆಡಿಸುತ್ತೆ. ನಿಮ್ಮಪ್ಪನ ಜೇಬು ನೋಡಿ, ಗದ್ದೆ ಕೆಲ್ಸ ಮಾಡೋರು ಸೊಂಟ ನೋವಿಗೆ ಏನಾದ್ರೂ ನುಂಗ್ತಿರ್ತಾರೆ.

ತೋಪಿನ ಶಿವಣ್ಣ
ಅದೆಲ್ಲ ಬುಡಿ, ಮದ್ದೂರಲ್ಲಿದ್ದು ಎಳನೀರಿಗೆ ಬರವಾ, ದಿನಕ್ಕೆ ಎರಡು ಕುಡಿಸಿ ಕಿಡ್ನಿ ತೊಳದಾಕ್ತದೆ. ಉಪ್ಪು ಕಮ್ಮಿ ಮಾಡ್ಬೇಕು ಅಂದ್ರೆ ಅಂಗ್ಡೀಲಿ ಲೋ ಸೋಡಿಯಂ ಉಪ್ಪು ಸಿಕ್ತದೆ ಅದ್ನ ಹಾಕಿ.

ವಾರ್ಡ್ ಅಕ್ಕ, ಮೈಸೂರು
ಶಿವಣ್ಣ, ಬೈಕೋಬೇಡಿ, ಎರಡೂ ಬೇಡ! ಎಳನೀರು ತುಂಬಾ ಪೊಟ್ಯಾಸಿಯಂ, ಆ ಉಪ್ಪಲ್ಲಿ ಸೋಡಿಯಂ ಬದಲು ಹಾಕಿರೋದೂ ಪೊಟ್ಯಾಸಿಯಂ ಕ್ಲೋರೈಡೇ, ಟೆಲ್ಮಿಸಾರ್ಟನ್ನೂ ಪೊಟ್ಯಾಸಿಯಂ ಏರಿಸುತ್ತೆ. ಕಿಡ್ನಿ ಸೋತಿರೋರಲ್ಲಿ ಮೂರೂ ಸೇರಿದ್ರೆ ಹಾರ್ಟೇ ನಿಲ್ಲಬಹುದು. ಕಿಡ್ನಿ ಚೆನ್ನಾಗಿರೋರು ಕುಡೀಲಿ, ನಾನೂ ಕುಡೀತೀನಿ. ಉಪ್ಪು ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಬಸ್ಸಾರು ಮುದ್ದೆ ಜೊತೆ ಉಪ್ಪಿನಕಾಯಿ ಹಪ್ಪಳ ನಂಚ್ಕೊಳ್ಳೋದು ಬಿಟ್ರೇ ಎಷ್ಟೋ ಇಳಿಯುತ್ತೆ.

ಮದ್ದೂರ್ ಹೈದ
ಅಕ್ಕ ತುಂಬಾ ಥ್ಯಾಂಕ್ಸ್. ಡಾಕ್ಟ್ರಿಗೆ ಫೋನ್ ಮಾಡ್ದೆ, ನನಗೇ ಬೈದ್ರು, ಪೊಟ್ಯಾಸಿಯಂ ನೋಡ್ಕಂಡು ಮಾತ್ರೆ ಮತ್ತೆ ಶುರು ಮಾಡ್ಸವ್ರೆ, 4.8 ಇತ್ತು ಪರವಾಗಿಲ್ಲ ಅಂದ್ರು. ಮೂತ್ರದ ರೇಷಿಯೋ 420. ಸ್ಕ್ಯಾನಲ್ಲಿ ಎರಡೂ ಕಿಡ್ನಿ ಒಂಚೂರು ಚಿಕ್ಕವು, ಅಂದ್ರೆ ಇದು ಮೂರು ವಾರದ ಕತೆ ಅಲ್ಲ ವರ್ಷಗಳದ್ದು ಅಂತ ಅವ್ರೇ ತೋರ್ಸಿ ಯೋಳಿದ್ರು, ಇನ್ಮೇಲೆ 130/80 ಒಳಗೆ ಇಡ್ಬೇಕಂತೆ. ವಾಕರ್ ಸಾರ್, ನೀವಂದಂಗೇ ಅಪ್ಪನ ಅಂಗಿ ಜೇಬಲ್ಲಿ ಎರಡು ಥರ ನೋವಿನ ಮಾತ್ರೆ ಸಿಕ್ವು.

ಮನೇಗೆ ಬಿಪಿ ಮಿಷಿನ್ ತಂದಿವ್ನಿ. ದೊಡ್ಡಪ್ಪಂಗೂ ಕಟ್ಟಿ ನೋಡ್ದೆ, ಐದು ನಿಮಿಷ ಕೂರ್ಸಿ ಎರಡು ಸಲ, 164/98. ಮಿಷಿನ್ ಸರಿ ಇಲ್ಲ ವಾಪಸ್ ಕೊಡು ಅಂತಾವ್ರೆ.