ಮನೋವೈದ್ಯಕೀಯ ಪ್ರಶ್ನೋತ್ತರ: ಕ್ಯಾನ್ಸರ್ ಮರಳೀತೆಂಬ ಭಯ

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಮುಗಿದು ಎರಡು ವರ್ಷವಾಯಿತು. ಈಗ ಲೆಟ್ರೊಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನಡೆಯುತ್ತಿದೆ. ಚೆಕಪ್‌ನಲ್ಲಿ ಏನೂ ಇಲ್ಲ ಎನ್ನುತ್ತಾರೆ. ಆದರೂ ಸ್ನಾನಕ್ಕೆ ಹೋದಾಗಲೆಲ್ಲ ಕಂಕುಳನ್ನು ಒತ್ತಿ ನೋಡುತ್ತೇನೆ. ಮಂಡಿ ನೋವು ಬಂದರೆ ಮೂಳೆಗೆ ಹರಡಿತೇನೋ ಎನ್ನಿಸುತ್ತದೆ. ಬಾಯಿಬಿಟ್ಟರೆ ಮನೆಯವರು ‘ಅಸ್ತು ದೇವತೆಗಳಿರುತ್ತಾರೆ, ಕೆಟ್ಟದ್ದು ಆಡಬೇಡ’ ಎಂದು ಬಾಯಿ ಮುಚ್ಚಿಸುತ್ತಾರೆ. ನನ್ನ ಮನಸ್ಸು ದುರ್ಬಲವೇ?

ಉತ್ತರ (ಮನಃಶಾಸ್ತ್ರಜ್ಞೆ): ದೌರ್ಬಲ್ಯದ ಮಾತೇ ಇಲ್ಲ. ಈ ಭಯ ಅಪಾಯದ ಅಳತೆಗೆ ತಕ್ಕಂತೆ ಇರುವುದಿಲ್ಲ. ಮೊದಲ ಹಂತದಲ್ಲೇ ಗುಣವಾದವರೂ ನಿದ್ದೆಗೆಡುತ್ತಾರೆ. ‘ಖಂಡಿತ ಬರುವುದಿಲ್ಲ’ ಎಂದು ಯಾರಾದರೂ ಹೇಳಲಿ ಎಂದು ಮನಸ್ಸು ಹಟ ಹಿಡಿಯುತ್ತದೆ. ಪ್ರಾಮಾಣಿಕ ವೈದ್ಯರು ಯಾರೂ ಹಾಗೆ ಹೇಳಲಾರರು. ಇದರ ಜೊತೆಗೆ, ಚಿಂತೆ ಬಿಟ್ಟರೆ ಮೈಮರೆತಂತಾಗುತ್ತದೆ, ಆಗಲೇ ರೋಗ ನುಗ್ಗುತ್ತದೆ ಎಂಬ ಒಳನಂಬಿಕೆ. ಅದೇ ಚಿಂತೆಗೆ ಕಾವಲುಗಾರನ ಕೆಲಸ ಕೊಟ್ಟುಬಿಡುತ್ತದೆ.

ಒತ್ತಿ ನೋಡಿದ ನೆಮ್ಮದಿ ಸಂಜೆಯವರೆಗೂ ಬಾಳುವುದಿಲ್ಲ. ಒತ್ತಿ ಒತ್ತಿ ಆ ಜಾಗವೇ ನೋಯತೊಡಗುತ್ತದೆ, ಆ ನೋವೇ ಹೊಸ ಸಾಕ್ಷಿಯಾಗುತ್ತದೆ. ಇನ್ನು ಕೀಲುನೋವು ಲೆಟ್ರೊಜೋಲ್‌ನ ಬಹು ಸಾಮಾನ್ಯ ಅಡ್ಡಪರಿಣಾಮ; ವೈದ್ಯರಿಗೆ ಹೇಳಿ. ತಿಂಗಳಿಗೊಂದು ದಿನ ಗೊತ್ತುಮಾಡಿ ಪರೀಕ್ಷಿಸಿಕೊಳ್ಳಿ. ಉಳಿದ ದಿನ ಕೈ ಅತ್ತ ಹೋದರೆ ತಡೆಯಿರಿ. ಚಡಪಡಿಕೆ ಮೊದಲು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಹೊಸ ಗಂಟು ಸಿಕ್ಕರೆ ಅಥವಾ ನೋವು ವಾರಗಟ್ಟಲೆ ಬಿಡದೆ ಹೆಚ್ಚುತ್ತಿದ್ದರೆ ಮಾತ್ರ ಚೆಕಪ್ ದಿನಕ್ಕೆ ಕಾಯಬೇಡಿ.

ಮನೆಯವರಿಗೂ ಒಂದು ಮಾತು: ಭಯಪಟ್ಟರೆ, ಆಡಿದರೆ ಕ್ಯಾನ್ಸರ್ ಮರಳುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೇಳಿಸಿಕೊಳ್ಳಿ, ಸಾಕು.

ಇನ್ನೊಬ್ಬ ಸದಸ್ಯರು: ವರ್ಷಕ್ಕೊಮ್ಮೆ ಪೆಟ್ ಸ್ಕ್ಯಾನ್ (ಮೈಯಲ್ಲೆಲ್ಲ ಕ್ಯಾನ್ಸರ್ ಹುಡುಕುವ ಸ್ಕ್ಯಾನ್) ಮಾಡಿಸಿದರೆ ಸಮಾಧಾನವಾಗುವುದಿಲ್ಲವೇ?

ಉತ್ತರ: ಲಕ್ಷಣವಿಲ್ಲದಿದ್ದರೆ ಸ್ತನ ಕ್ಯಾನ್ಸರ್‌ನ ಮುಂದಿನ ತಪಾಸಣೆಗೆ ಅದು ಬೇಕಿಲ್ಲ, ವೈದ್ಯರ ಪರೀಕ್ಷೆ, ವರ್ಷಕ್ಕೊಂದು ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಸಾಕು. ಸ್ಕ್ಯಾನ್ ಕೊಡುವ ಸಮಾಧಾನಕ್ಕೂ ಆಯುಸ್ಸು ಕಡಿಮೆ. ರಿಪೋರ್ಟ್ ಬರುವವರೆಗಿನ ತಳಮಳ ಬೇರೆ.

ಮತ್ತೊಬ್ಬರು: ನನ್ನ ಹೆಂಡತಿ ಚೆಕಪ್‌ಗೇ ಬರುವುದಿಲ್ಲ. ಆಸ್ಪತ್ರೆಯ ಹೆಸರೆತ್ತಿದರೆ ಸಿಟ್ಟು.

ಉತ್ತರ: ಅದೂ ಇದೇ ಭಯ ಸಾರ್. ಹೋಗದಿದ್ದರೆ ಆ ಹೊತ್ತಿಗೆ ಹಗುರ, ಹಾಗಾಗಿ ಮುಂದಿನ ಸಲ ಹೋಗುವುದು ಇನ್ನೂ ಕಷ್ಟ. ಬೈದು ಕರೆದೊಯ್ಯಬೇಡಿ, ಯಾವುದಕ್ಕೆ ಹೆದರಿಕೆ ಎಂದು ಕೇಳಿ. ಸೂಜಿಗೋ, ಕಾಯುವ ಕುರ್ಚಿಗೋ, ರಿಪೋರ್ಟಿಗೋ? ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಐದೇ ಭೇಟಿಗಳ ಮಾನಸಿಕ ಚಿಕಿತ್ಸೆಯಿಂದ ಈ ಭಯ ತಗ್ಗಿತ್ತು. ನಿಮ್ಮ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರಿದ್ದಾರೆಯೇ ವಿಚಾರಿಸಿ. ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.